ಲೋಡಿಗೆ ಬಾರದ ಕಲ್ಲು

ನಮ್ಮ ಮನೆಯಲ್ಲಿ ಒಂದು ಕಲ್ಲಿದೆ. ಅಂಗೈ ಅಗಲ, ಎರಡು ಬೆರಳು ದಪ್ಪ. ಎತ್ತಿದರೆ ಗಾತ್ರಕ್ಕಿಂತ ಭಾರ ಹೆಚ್ಚು. ಒಂದು ಗೆರೆ ಕೆಂಪು, ಒಂದು ಗೆರೆ ಉಕ್ಕಿನ ಹಾಗೆ ಹೊಳೆಯುವ ಕಪ್ಪು, ಮತ್ತೆ ಕೆಂಪು, ಮತ್ತೆ ಕಪ್ಪು. ದಾದಿ ಅದನ್ನು ಉಪ್ಪಿನಕಾಯಿ ಬರಣಿಯ ಮುಚ್ಚಳದ ಮೇಲೆ ಇಡುತ್ತಿದ್ದರು. ಅಬ್ಬಾ ಅದಿರಿನ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಸಂಡೂರು ಕಡೆಯ ಒಂದು ಮೈನ್ಸಿನಿಂದ ತಂದದ್ದು. ಯಾಕೆ ತಂದಿರಿ ಎಂದು ಕೇಳಿದರೆ, "ನೋಡೋಕೆ ಚೆಂದ ಇತ್ತು, ತಂದೆ. ಅದು ಲೋಡಿಗೆ ಬರೋ ಕಲ್ಲಲ್ಲ. ಬದಿಗೆ ಹಾಕ್ತಿದ್ರು" ಎನ್ನುತ್ತಾರೆ.

ಹೋದ ಸಲದ ಕಾಲೇಜು ವಸ್ತುಪ್ರದರ್ಶನದಲ್ಲಿ ನಮ್ಮ ವಾಣಿಜ್ಯ ವಿಭಾಗದವರು 'ನಮ್ಮ ಜಿಲ್ಲೆಯ ವ್ಯಾಪಾರ' ಎಂಬ ಮೇಜು ಹಾಕಿದ್ದು ಹಲವರಿಗೆ ನೆನಪಿರಬಹುದು. ಸಿರುಗುಪ್ಪದ ಭತ್ತ, ಬಳ್ಳಾರಿಯ ಜೀನ್ಸ್, ಸಂಡೂರಿನ ಅದಿರು. ಅದಿರಿನ ತಟ್ಟೆಯಲ್ಲಿ ನಾನು ಈ ಕಲ್ಲನ್ನೇ ಇಟ್ಟಿದ್ದೆ. ಕೆಮಿಸ್ಟ್ರಿ ಮೇಡಂ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಇದರ ರೇಟು ಬರೆದಿದ್ದೀರಿ, ವಯಸ್ಸು ಬರೆದಿಲ್ಲವಲ್ಲ? ಇದು ಸಮುದ್ರದ ತಳದಲ್ಲಿ ಕೂತಾಗ ಗಾಳಿಯಲ್ಲಿ ನಾವು ಉಸಿರಾಡುವ ಆಮ್ಲಜನಕವೇ ಇರಲಿಲ್ಲ" ಎಂದರು.

ನಾನು ಕಾಮರ್ಸ್ ವಿದ್ಯಾರ್ಥಿನಿ. ವಿಜ್ಞಾನ ಓದಿದ್ದು ಹತ್ತನೇ ತರಗತಿಯವರೆಗೆ ಮಾತ್ರ. ಆದರೂ ಆ ಮಾತು ತಲೆಯಿಂದ ಹೋಗಲಿಲ್ಲ. ಆಮೇಲೆ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನು ಓದಿದೆ, ಮೇಡಂ ಅವರನ್ನು ಕೇಳಿ ಕೇಳಿ ಬೇಸರ ಮಾಡಿದೆ. ತಿಳಿದದ್ದನ್ನು ನಿಮಗೂ ಹೇಳಿ, ಕೊನೆಯಲ್ಲಿ ಮೂರು ಬೇಡಿಕೆ ಇಡುತ್ತೇನೆ. ನನ್ನ ಅಭಿಪ್ರಾಯ ಇಷ್ಟೇ: ನಮ್ಮ ಜಿಲ್ಲೆಯ ಕಲ್ಲುಗಳು ಭೂಮಿಯ ಹಳೆಯ ಲೆಕ್ಕದ ಪುಸ್ತಕ. ನಾವು ಅದನ್ನು ಓದದೆ ತೂಕಕ್ಕೆ ಹಾಕುತ್ತಿದ್ದೇವೆ. ಹಾಕೋಣ, ನಮ್ಮ ಊಟ ಅದರಿಂದಲೇ ಬಂದಿದೆ. ಆದರೆ ಕೆಲವು ಪುಟಗಳನ್ನಾದರೂ ಉಳಿಸಿಕೊಂಡು ಓದೋಣ.

ಮೊದಲು ದಿನಾ ಕಣ್ಣಿಗೆ ಬೀಳುವ ಕಲ್ಲಿನಿಂದ ಶುರು ಮಾಡುತ್ತೇನೆ. ಬಳ್ಳಾರಿಯ ಕೋಟೆ ಗುಡ್ಡ, ಕುರುಗೋಡಿನ ಬೆಟ್ಟಗಳು, ಸಿರುಗುಪ್ಪ ದಾರಿಯ ತೆಕ್ಕಲಕೋಟೆಯ ಗುಡ್ಡಗಳು, ಇವೆಲ್ಲ ಗ್ರಾನೈಟ್ ಜಾತಿಯ ಕಲ್ಲು. ಕುರುಗೋಡಿನ ನಮ್ಮ ಖಾಲಾ ಮನೆಯ ಅಡಿಪಾಯವೂ ಅದೇ ಕಲ್ಲು. ನಾನಿ ಮನೆಗೆ ಸಿರುಗುಪ್ಪಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಈ ಬಂಡೆಗಳನ್ನು ಸಾವಿರ ಸಲ ನೋಡಿರಬೇಕು. ಯಾರೋ ದೊಡ್ಡವರು ಒಂದರ ಮೇಲೊಂದು ಜೋಡಿಸಿಟ್ಟಿದ್ದಾರೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ಒಟ್ಟು ವಯಸ್ಸು ಸುಮಾರು 454 ಕೋಟಿ ವರ್ಷ. ಎಂದರೆ ಭೂಮಿ ತನ್ನ ಆಯಸ್ಸಿನ ಅರ್ಧ ದಾರಿಯನ್ನೂ ದಾಟದಿದ್ದಾಗ ಈ ಕಲ್ಲು ತಣ್ಣಗಾಯಿತು.

ಸಂಡೂರಿನ ಕಬ್ಬಿಣದ ಪದರಗಳು ಇದಕ್ಕೂ ಹಳೆಯವು, ಸುಮಾರು 270 ಕೋಟಿ ವರ್ಷದವು. ಅವು ಬೆಂಕಿಯಿಂದ ಬಂದ ಕಲ್ಲಲ್ಲ, ಸಮುದ್ರದ ತಳದಲ್ಲಿ ಒಂದೊಂದೇ ಪದರವಾಗಿ ಕೂತದ್ದು. ದೋಣಿಮಲೈ, ಕುಮಾರಸ್ವಾಮಿ ಬೆಟ್ಟಗಳ ನೆತ್ತಿಯಲ್ಲಿ ನಿಂತವರು ಸಮುದ್ರದ ತಳದ ಕೆಸರಿನ ಮೇಲೆ ನಿಂತ ಹಾಗೆ. ಸಮುದ್ರ ನೋಡಲು ನಾವು ಬಸ್ ಹತ್ತಿ ಕಾರವಾರಕ್ಕೋ ಮಂಗಳೂರಿಗೋ ಹೋಗುತ್ತೇವೆ. ಒಂದು ಸಮುದ್ರ ಇಲ್ಲೇ ಬಂದು ಹೋಗಿದೆ.

ಸಮುದ್ರದಲ್ಲಿ ಇಷ್ಟು ಕಬ್ಬಿಣ ಎಲ್ಲಿಂದ ಬಂತು? ಇದಕ್ಕೆ ಉತ್ತರ ಕೆಲವರ ಮನೆಯ ಬೋರ್‌ವೆಲ್ಲಿನಲ್ಲೇ ಇದೆ. ಕಬ್ಬಿಣದ ಅಂಶ ಇರುವ ಬೋರಿನ ನೀರು ಬಕೆಟ್ಟಿಗೆ ಬಿದ್ದಾಗ ತಿಳಿಯಾಗಿಯೇ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಕೆಂಪಾಗುತ್ತದೆ, ತಳದಲ್ಲಿ ತುಕ್ಕಿನಂಥ ಗಸಿ ಕೂರುತ್ತದೆ. ನೆಲದೊಳಗೆ ಗಾಳಿ ತಾಗದಿದ್ದಾಗ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತದೆ. ಆಮ್ಲಜನಕ ತಾಗಿದೊಡನೆ ತುಕ್ಕಾಗಿ ಕೆಳಗಿಳಿಯುತ್ತದೆ. ಹಳೆಯ ಸಮುದ್ರ ಆ ಬೋರಿನ ನೀರಿನ ಹಾಗಿತ್ತು. ತಳದ ಬಿಸಿನೀರಿನ ಬುಗ್ಗೆಗಳಿಂದ ಬಂದ ಕಬ್ಬಿಣ ನೀರಿನ ತುಂಬ ಕರಗಿಕೊಂಡಿತ್ತು. ಇಂದಿನ ಸಮುದ್ರದಲ್ಲಿ ಅಷ್ಟು ಕಬ್ಬಿಣ ಕರಗಿ ಉಳಿಯಲು ಸಾಧ್ಯವೇ ಇಲ್ಲ, ಆಮ್ಲಜನಕ ಬಿಡುವುದಿಲ್ಲ. ಅಂಥ ಸಮುದ್ರ ಒಂದಿತ್ತು ಎಂಬುದೇ ಅಂದಿನ ಗಾಳಿ ಇಂದಿನ ಗಾಳಿಯಂತೆ ಇರಲಿಲ್ಲ ಎಂಬುದಕ್ಕೆ ಸಾಕ್ಷಿ.

ಹಾಗಾದರೆ ಅದನ್ನು ತುಕ್ಕು ಹಿಡಿಸಿದವರು ಯಾರು? ಇಲ್ಲಿ ವಿಜ್ಞಾನಿಗಳಲ್ಲೇ ಎರಡು ಮಾತಿದೆ. ಬರಿಗಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾಗಳು ಬಿಸಿಲು ಬಳಸಿಕೊಂಡು ಆಹಾರ ಮಾಡಿಕೊಳ್ಳುತ್ತ ಆಮ್ಲಜನಕ ಬಿಟ್ಟವು, ಅದು ಗಾಳಿಗೆ ಸೇರುವ ಮೊದಲೇ ಸಮುದ್ರದ ಕಬ್ಬಿಣ ಹಿಡಿದುಕೊಂಡಿತು ಎಂಬುದು ಒಂದು. ಆಮ್ಲಜನಕದ ಗೊಡವೆಯೇ ಇಲ್ಲದೆ, ಬಿಸಿಲಿನ ಬಲದಿಂದ ನೇರವಾಗಿ ಕಬ್ಬಿಣವನ್ನೇ ತುಕ್ಕಾಗಿಸುವ ಬೇರೆ ಬ್ಯಾಕ್ಟೀರಿಯಾಗಳ ಕೆಲಸ ಅದು ಎಂಬುದು ಇನ್ನೊಂದು. ಅಂಥ ಬ್ಯಾಕ್ಟೀರಿಯಾಗಳು ಇಂದೂ ಇವೆ. ಎರಡೂ ನಡೆದಿರಬಹುದು. ಸಂಡೂರಿನ ಶಿಲೆಗಳಲ್ಲೇ ಸ್ಟ್ರೊಮಾಟೊಲೈಟ್ ಎಂಬ ರಚನೆಗಳು ಸಿಕ್ಕಿವೆ ಎಂದು ವಿಜ್ಞಾನಿಗಳು ಬರೆದಿದ್ದಾರೆ. ಸೂಕ್ಷ್ಮಜೀವಿಗಳ ಚಾಪೆ ಪದರ ಪದರವಾಗಿ ಬೆಳೆದು ಕಲ್ಲಾದದ್ದು ಅದು. ಹಾಗೆ ಬರೆದವರಲ್ಲಿ ಹೈದರಾಬಾದಿನ ಎನ್‌ಜಿಆರ್‌ಐ ಸಂಸ್ಥೆಯ ಎಸ್.ಎಂ. ನಕ್ವಿ ಒಬ್ಬರು. ನಮ್ಮ ನಾಡಿನ ಈ ಹಳೆಯ ಕಲ್ಲುಗಳ ಬಗ್ಗೆ ಅವರು ದೊಡ್ಡ ಪುಸ್ತಕಗಳನ್ನೇ ಬರೆದಿದ್ದಾರೆ. ನಮ್ಮ ಹುಡುಗ ಹುಡುಗಿಯರಿಗೆ ನಟರ, ಕ್ರಿಕೆಟಿಗರ ಹೆಸರು ಗೊತ್ತು. ಈ ಹೆಸರೂ ಗೊತ್ತಿರಲಿ.

ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ನನಗೂ ಇದೇ ಅನುಮಾನ ಬಂದಿತ್ತು. ಒಂದು ಸಾಕ್ಷಿ ನಮ್ಮ ರಾಜ್ಯದ್ದೇ. ಪಶ್ಚಿಮ ಘಟ್ಟದ ವಾಲ್ಕುಂಜಿಯಲ್ಲಿ ಬಹಳ ಹಳೆಯ ನದಿಯ ಬೆಣಚುಕಲ್ಲುಗಳು ಅಂಟಿಕೊಂಡು ಬಂಡೆಯಾಗಿವೆ. ಅವುಗಳ ನಡುವೆ ಪೈರೈಟ್ ಮತ್ತು ಯುರೇನಿಯಂ ಖನಿಜದ ಕಾಳುಗಳಿವೆ. ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕದ ಖನಿಜ, ಚಿನ್ನದಂತೆ ಹೊಳೆಯುತ್ತದೆ. ಇಂದಿನ ನದಿಯಲ್ಲಿ ಇಂಥ ಕಾಳುಗಳು ದೂರ ಉರುಳಿಕೊಂಡು ಬಂದರೆ ಗಾಳಿ ತಾಗಿ ಕೆಟ್ಟುಹೋಗುತ್ತವೆ. ಅಂದು ಕೆಡಲಿಲ್ಲ. ಕೆಡಿಸುವ ಆಮ್ಲಜನಕ ಇರಲಿಲ್ಲ.

ಎರಡನೆಯ ಸಾಕ್ಷಿ ಗಂಧಕದ್ದು. ಆಮ್ಲಜನಕವಿಲ್ಲದೆ ಓಝೋನ್ ಪದರ ಆಗುವುದಿಲ್ಲ. ಓಝೋನ್ ಇಲ್ಲದಿದ್ದರೆ ಸೂರ್ಯನ ನೇರಳಾತೀತ ಕಿರಣ ಕೆಳಗಿನವರೆಗೂ ಬಂದು ಜ್ವಾಲಾಮುಖಿಯ ಗಂಧಕದ ಅನಿಲವನ್ನು ಒಡೆಯುತ್ತದೆ. ಹಾಗೆ ಒಡೆದ ಗಂಧಕದ ಐಸೊಟೋಪುಗಳಲ್ಲಿ ಒಂದು ವಿಚಿತ್ರ ಗುರುತು ಉಳಿಯುತ್ತದೆ. 2000ನೇ ಇಸವಿಯಲ್ಲಿ ಜೇಮ್ಸ್ ಫಾರ್ಕರ್ ಮತ್ತು ಸಂಗಡಿಗರು ಈ ಗುರುತನ್ನು ಹಳೆಯ ಕಲ್ಲುಗಳಲ್ಲಿ ತೋರಿಸಿದರು. ಸುಮಾರು 240ರಿಂದ 230 ಕೋಟಿ ವರ್ಷದ ಹಿಂದಿನ ನಡುವೆ ಆ ಗುರುತು ಮಾಯವಾಗುತ್ತದೆ, ಮತ್ತೆ ಬರುವುದಿಲ್ಲ. ಆಮ್ಲಜನಕ ಗಾಳಿಗೆ ಬಂದು ನಿಂತ ಕಾಲ ಅದು. ಅದಕ್ಕೂ ಮೊದಲು ಗಾಳಿಯಲ್ಲಿದ್ದ ಆಮ್ಲಜನಕ ಇಂದಿನ ಪ್ರಮಾಣದ ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ಇಂದು ಗಾಳಿಯಲ್ಲಿ ಅದು ಶೇ. 21ರಷ್ಟಿದೆ.

ಈಗ ಲೆಕ್ಕ ಹಾಕಿ. ಕೋಟೆ ಗುಡ್ಡಕ್ಕೆ 250 ಕೋಟಿ ವರ್ಷ. ಆಮ್ಲಜನಕ ಬಂದದ್ದು ಅದಾದ ಮೇಲೆ. ನಮ್ಮ ಊರಿನ ಗುಡ್ಡ ನಾವು ಎಳೆದುಕೊಳ್ಳುವ ಉಸಿರಿಗಿಂತ ಹಳೆಯದು. ಇದು ನಮ್ಮ ಯಾವ ಪಠ್ಯದಲ್ಲಿದೆ?

ವಾಣಿಜ್ಯ ವಿಭಾಗದ ಗೆಳೆಯರೇ, ಈಗ ಬರುವುದು ನಮ್ಮ ವಿಷಯ. ಪ್ರತಿ ಡೆಬಿಟ್ಟಿಗೂ ಒಂದು ಕ್ರೆಡಿಟ್ ಇರಲೇಬೇಕು ಎಂದು ಅಕೌಂಟೆನ್ಸಿ ಸರ್ ಮೊದಲ ದಿನವೇ ಹೇಳಿದ್ದರು. ಆಮ್ಲಜನಕದ ಲೆಕ್ಕವೂ ಹಾಗೇ ಇದೆ. ಒಂದು ಜೀವಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ತನ್ನ ಮೈ ಕಟ್ಟಿಕೊಂಡಾಗ ಆಮ್ಲಜನಕ ಹೊರಬರುತ್ತದೆ. ಆದರೆ ಅದು ಸತ್ತು ಕೊಳೆತರೆ ಅಷ್ಟೇ ಆಮ್ಲಜನಕವನ್ನು ವಾಪಸ್ ತೆಗೆದುಕೊಳ್ಳುತ್ತದೆ. ಖಾತೆ ಸೊನ್ನೆ. ಸತ್ತ ಜೀವಿಯ ಇಂಗಾಲ ಕೊಳೆಯದೆ ಕೆಸರಿನಲ್ಲಿ ಹೂತುಹೋದರೆ ಮಾತ್ರ ಗಾಳಿಯಲ್ಲಿ ಅಷ್ಟು ಆಮ್ಲಜನಕ ಬಾಕಿ ಉಳಿಯುತ್ತದೆ. ಆ ಬಾಕಿಯಲ್ಲೂ ಮೊದಲ ಸಾಲಗಾರರು ಸಮುದ್ರದ ಕಬ್ಬಿಣ ಮತ್ತು ಜ್ವಾಲಾಮುಖಿಯ ಅನಿಲಗಳು. ಅವರ ಸಾಲ ತೀರಿಸಿ ಮಿಕ್ಕದ್ದು ನಮ್ಮ ಪಾಲಿಗೆ ಬಂತು. ಒಂದು ಕಡೆ ಗಾಳಿ, ಇನ್ನೊಂದು ಕಡೆ ಕಲ್ಲು. ಗಾಳಿಯ ಹಳೆಯ ಲೆಕ್ಕ ಗಾಳಿಯಲ್ಲಿ ಸಿಗುವುದಿಲ್ಲ, ಅದು ಬೆರೆತು ಹೋಗಿರುತ್ತದೆ. ಕಲ್ಲಿನ ಕಡೆಯ ನಮೂದು ಮಾತ್ರ ಉಳಿದಿದೆ.

ಒಂದು ಸಣ್ಣ ಲೆಕ್ಕ ನಾನೇ ಮಾಡಿದೆ, ಮೇಡಂ ಸರಿ ಇದೆ ಎಂದರು. ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ತೂಕದಲ್ಲಿ ಶೇ. 70 ಕಬ್ಬಿಣ, ಶೇ. 30 ಆಮ್ಲಜನಕ. ಅಬ್ಬಾ ಅವರ ಲಾರಿಯಲ್ಲಿ 10 ಟನ್ ಶುದ್ಧ ಹೆಮಟೈಟ್ ಇತ್ತೆಂದು ಇಟ್ಟುಕೊಳ್ಳಿ. ಅದರಲ್ಲಿ 3 ಟನ್ ಆಮ್ಲಜನಕ! ಎಲ್ಲವೂ ಗಾಳಿಯಿಂದ ಬಂದದ್ದಲ್ಲ, ನೀರಿನಿಂದ ಬಂದದ್ದೂ ಸೇರಿದೆ. ತೋರಣಗಲ್ಲಿನ ಊದುಕುಲುಮೆಯಂಥ ಕಡೆ ಕೋಕ್ ಕಲ್ಲಿದ್ದಲಿನ ಇಂಗಾಲದಿಂದ ಈ ಆಮ್ಲಜನಕವನ್ನು ಬಿಡಿಸುತ್ತಾರೆ. ಕಬ್ಬಿಣ ಕೆಳಗೆ ಹರಿಯುತ್ತದೆ, ಇಂಗಾಲದ ಡೈಆಕ್ಸೈಡ್ ಮೇಲೆ ಹೋಗುತ್ತದೆ. ಆ 10 ಟನ್ನಿಗೆ ಬರೀ ಈ ಒಂದು ಕ್ರಿಯೆಯಿಂದಲೇ 4 ಟನ್ನಿಗಿಂತ ಹೆಚ್ಚು. ಕೋಟಿಗಟ್ಟಲೆ ವರ್ಷ ಹಿಂದೆ ಬರೆದ ನಮೂದನ್ನು ನಾವು ಉಲ್ಟಾ ಹೊಡೆಯುತ್ತಿದ್ದೇವೆ. ಇದನ್ನು ಅಬ್ಬಾಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ಗಾಳಿಗೂ ಬಾಡಿಗೆ ಹೊಡೆದೆ ಅನ್ನು" ಎಂದು ನಕ್ಕರು.

ಇನ್ನು ಆಕಾಶದಿಂದ ಬಿದ್ದ ಕಲ್ಲುಗಳ ವಿಷಯ. ಭೂಮಿಯ ವಯಸ್ಸನ್ನೇ ನಾವು ತಿಳಿದದ್ದು ಅಂಥ ಕಲ್ಲಿನಿಂದ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಎಂಬ ಅಮೆರಿಕದ ವಿಜ್ಞಾನಿ ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು ಆ ಲೆಕ್ಕ ಕೊಟ್ಟರು. ಭೂಮಿಯದೇ ಮೊದಲ ಕಲ್ಲು ಉಳಿದಿರಲಿಲ್ಲ, ಆದ್ದರಿಂದ ಜೊತೆಯಲ್ಲಿ ಹುಟ್ಟಿದ ನೆಂಟರ ಪುಸ್ತಕ ನೋಡಬೇಕಾಯಿತು.

ಚಂದ್ರನ ಮುಖದ ತುಂಬ ಕುಳಿಗಳಿವೆ. ಭೂಮಿಗೂ ಅಷ್ಟೇ ಪೆಟ್ಟು ಬಿದ್ದಿರಬೇಕು. ಹಾಗಾದರೆ ಬಳ್ಳಾರಿಯಲ್ಲಿ ಕುಳಿ ಎಲ್ಲಿ? ಇಲ್ಲ. ಕಾರಣ ಗ್ರಾನೈಟಿನಲ್ಲೇ ಇದೆ. ಗ್ರಾನೈಟ್ ನೆಲದ ಮೇಲೆ ಹುಟ್ಟುವ ಕಲ್ಲಲ್ಲ, ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ತಣ್ಣಗಾಗುವ ಕಲ್ಲು. ಇಂದು ಅದು ನಮ್ಮ ಕಣ್ಣ ಮುಂದಿದೆ ಎಂದರೆ ಅದರ ಮೇಲಿದ್ದ ಅಷ್ಟೂ ನೆಲ ಮಳೆ, ಗಾಳಿ, ಬಿಸಿಲಿಗೆ ಸವೆದು ಹೋಗಿದೆ. ಆ ನೆಲದ ಮೇಲೆ ಕುಳಿಗಳಿದ್ದರೆ ಅವೂ ಅದರ ಜೊತೆಗೇ ಹೋದವು. ಎಷ್ಟೋ ಪುಟಗಳನ್ನು ಪ್ರಕೃತಿಯೇ ಹರಿದುಹಾಕಿದೆ.

ಉಳಿದ ಪುಟಗಳಿಂದ ಎಷ್ಟು ಓದಬಹುದು ನೋಡಿ. ಮಹಾರಾಷ್ಟ್ರದ ಲೋಣಾರ್ ಸರೋವರ ಹಲವರಿಗೆ ಗೊತ್ತು, ಬಸಾಲ್ಟ್ ಕಲ್ಲಿನಲ್ಲಿ ಸುಮಾರು 1.8 ಕಿ.ಮೀ. ಅಗಲದ ಕುಳಿ. ಅದು ಭೂಮಿಯ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು, ಆದ್ದರಿಂದ ಆಕಾರ ಉಳಿದಿದೆ. ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಢಾಲಾ ಹಾಗಲ್ಲ. ಅಲ್ಲಿ ಪೆಟ್ಟು ತಿಂದದ್ದು ನಮ್ಮ ಗುಡ್ಡಗಳಷ್ಟೇ ವಯಸ್ಸಿನ ಗ್ರಾನೈಟ್. 170 ಕೋಟಿ ವರ್ಷಕ್ಕೂ ಹಿಂದೆ ಬಿದ್ದ ಪೆಟ್ಟು. ಬಟ್ಟಲಿನ ಆಕಾರ ಎಂದೋ ಸವೆದಿದೆ. ಆದರೂ ಅಲಹಾಬಾದ್ ವಿಶ್ವವಿದ್ಯಾಲಯದ ಜಯಂತ ಕುಮಾರ್ ಪತಿ ಮತ್ತು ಸಂಗಡಿಗರು ಅದನ್ನು ಗುರುತಿಸಿದರು. ಹೇಗೆಂದರೆ ಕಲ್ಲಿನೊಳಗಿನ ಬೆಣಚಿನ ಕಾಳುಗಳಲ್ಲಿ ಸೂಕ್ಷ್ಮ ಗೆರೆಗಳು ಸಿಕ್ಕವು. ಅಂಥ ಗೆರೆ ಜ್ವಾಲಾಮುಖಿಯಿಂದಲೂ ಭೂಕಂಪದಿಂದಲೂ ಬರುವುದಿಲ್ಲ, ಆಕಾಶದ ಪೆಟ್ಟಿಗೆ ಮಾತ್ರ ಬರುತ್ತದೆ. ದುಂಡಗಿರುವ ಕೆರೆಯೆಲ್ಲ ಉಲ್ಕೆಯ ಕುಳಿ ಎಂದು ವಾಟ್ಸ್ಆ್ಯಪಿನಲ್ಲಿ ಕಳಿಸುವವರು ಇದನ್ನು ತಿಳಿದಿರಬೇಕು. ಸಾಕ್ಷಿ ಇರುವುದು ಕಲ್ಲಿನ ಕಾಳಿನಲ್ಲಿ.

ಡೈನೋಸಾರ್‌ಗಳು ಅಳಿದ ಕಥೆಯೂ ಹೀಗೇ ಬಯಲಾಯಿತು. ಇಟಲಿಯ ಗುಬ್ಬಿಯೋ ಎಂಬ ಊರಿನ ಬಳಿ ಸುಣ್ಣಕಲ್ಲಿನ ನಡುವೆ ಒಂದು ಸೆಂಟಿಮೀಟರಿನಷ್ಟು ಜೇಡಿಮಣ್ಣಿನ ಪದರವಿದೆ. ನೆಲದಲ್ಲಿ ತೀರ ಅಪರೂಪವಾದ, ಉಲ್ಕೆಗಳಲ್ಲಿ ಹೆಚ್ಚಿರುವ ಇರಿಡಿಯಂ ಅದರಲ್ಲಿ ಸಿಕ್ಕಿತು. 1980ರಲ್ಲಿ ಲೂಯಿಸ್ ಆಲ್ವರೆಜ್, ಅವರ ಮಗ ವಾಲ್ಟರ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. 6.6 ಕೋಟಿ ವರ್ಷದ ಹಿಂದೆ ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ ಬಿದ್ದಿತು ಎಂದರು. ಆಮೇಲೆ ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ ಸುಮಾರು 180 ಕಿ.ಮೀ. ಅಗಲದ ಕುಳಿಯೇ ಸಿಕ್ಕಿತು. ನಮ್ಮ ದೇಶದ ಕಚ್ಛ್‌ನ ಅಂಜಾರ್ ಬಳಿಯೂ ಲಾವಾ ಪದರಗಳ ನಡುವಿನ ಮಣ್ಣಿನಲ್ಲಿ ಇರಿಡಿಯಂ ಸಿಕ್ಕಿದೆ. ಗುಬ್ಬಿಯೋದ ಆ ಒಂದು ಸೆಂಟಿಮೀಟರ್ ಮಣ್ಣನ್ನು ಯಾರಾದರೂ ಮೊದಲೇ ಇಟ್ಟಿಗೆಗೆ ಅಗೆದು ಒಯ್ದಿದ್ದರೆ?

ಆಮ್ಲಜನಕಕ್ಕೂ ಕ್ಷುದ್ರಗ್ರಹಕ್ಕೂ ಸಂಬಂಧ ಇದ್ದಿರಬಹುದು ಎನ್ನುತ್ತಾರೆ. ಸಂಡೂರಿನ ಪದರಗಳು ಕೂರುತ್ತಿದ್ದ ಆ ದೂರದ ಯುಗದಲ್ಲೇ ದಕ್ಷಿಣ ಆಫ್ರಿಕಾ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕೂತ ಹಳೆಯ ಪದರಗಳಲ್ಲಿ ಸಾಸಿವೆಗಿಂತ ಸಣ್ಣ ದುಂಡು ಕಾಳುಗಳ ಸಾಲುಗಳಿವೆ. ಕ್ಷುದ್ರಗ್ರಹ ಬಿದ್ದಾಗ ಕಲ್ಲು ಆವಿಯಾಗಿ, ಹನಿಯಾಗಿ ಮಳೆಯಂತೆ ಸುರಿದದ್ದು. ಆ ಆವಿ ಆಗಷ್ಟೇ ಹುಟ್ಟುತ್ತಿದ್ದ ಆಮ್ಲಜನಕವನ್ನು ತಿಂದು ಹಾಕಿ, ಅದು ಗಾಳಿಯಲ್ಲಿ ನಿಲ್ಲುವುದನ್ನು ತಡ ಮಾಡಿರಬಹುದು ಎಂದು 2021ರಲ್ಲಿ ಕೆಲವು ವಿಜ್ಞಾನಿಗಳು ವಾದಿಸಿದ್ದಾರೆ. ಇನ್ನೂ ಚರ್ಚೆ ನಡೆದಿದೆ. ಒಂದು ಮಾತು ಮಾತ್ರ ಸ್ಪಷ್ಟ: ಕಣ್ಣಿಗೆ ಬೇಡವೆನಿಸಿದ ತೆಳ್ಳನೆಯ ಪದರವೇ ದೊಡ್ಡ ಸುದ್ದಿ ಹೇಳುತ್ತದೆ.

ಇಷ್ಟು ಓದಿದ ಮೇಲೆ ನಮ್ಮ ಮನೆಯ ಕಲ್ಲಿಗೆ ವಾಪಸ್ ಬಂದೆ. ಅದರ ಹೆಸರು ಮೈನ್ಸಿನ ಭಾಷೆಯಲ್ಲಿ ಬಿಎಚ್‌ಕ್ಯೂ. ಹೆಮಟೈಟ್ ಮತ್ತು ಬೆಣಚಿನ ಪಟ್ಟೆಗಳ ಕಲ್ಲು. ಕಬ್ಬಿಣದ ಅಂಶ ಕಡಿಮೆ, ಆದ್ದರಿಂದ ಲೋಡಿಗೆ ಬರುವುದಿಲ್ಲ. ಒಳ್ಳೆಯ ಅದಿರು ಎಂದು ಮಾರುವುದು ಇದೇ ಕಲ್ಲಿನಿಂದ ನೀರು ಎಷ್ಟೋ ಕಾಲ ಬೆಣಚನ್ನು ತೊಳೆದು ಹಾಕಿದ ಮೇಲೆ ಉಳಿದ ಭಾಗ. ಅಂದರೆ ಬೆಲೆ ಬಾಳುವ ಅದಿರಿನಲ್ಲಿ ಬರಹ ಅಳಿಸಿದೆ, ಬೆಲೆ ಇಲ್ಲದ ಕಲ್ಲಿನಲ್ಲಿ ಬರಹ ಉಳಿದಿದೆ. ನನಗೆ ಅತ್ಯಂತ ಮುಖ್ಯ ಎನಿಸಿದ್ದು ಇದು. ಗಣಿಗಾರಿಕೆ ಮತ್ತು ವಿಜ್ಞಾನದ ನಡುವೆ ಇಲ್ಲಿ ಜಗಳವೇ ಬೇಕಿಲ್ಲ. ನಾವು ಉಳಿಸಿ ಎನ್ನುವುದು ಅವರು ಬದಿಗೆ ಹಾಕುವ ಕಲ್ಲನ್ನು. ಆದರೆ ಈಗೀಗ ಆ ಕಲ್ಲನ್ನೂ ಪುಡಿ ಮಾಡಿ, ಸಂಸ್ಕರಿಸಿ ಕಬ್ಬಿಣ ತೆಗೆಯುವ ಪ್ರಯತ್ನಗಳಿವೆ. ಆದ್ದರಿಂದ ಕೇಳುವುದಾದರೆ ಈಗಲೇ ಕೇಳಬೇಕು.

ನಾನು ಗಣಿ ಮುಚ್ಚಿ ಎಂದು ಬರೆಯುತ್ತಿಲ್ಲ. ಹಾಗೆ ಬರೆಯುವ ಹಕ್ಕು ನನಗಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ನನಗೆ ಮೂರು ವರ್ಷ. ಲೂಟಿ ನಡೆದಿತ್ತು, ಕಾಡು, ಹೊಲ, ರಸ್ತೆ ಹಾಳಾಗಿದ್ದವು, ಕೋರ್ಟ್ ಮಾಡಿದ್ದು ಸರಿ ಎಂದು ಅಬ್ಬಾನೇ ಹೇಳುತ್ತಾರೆ. ಆದರೆ ಅವರ ಲಾರಿ ಸಾಲದ ಮೇಲಿತ್ತು. ಮನೆ ಮುಂದೆ ತಿಂಗಳುಗಟ್ಟಲೆ ನಿಂತಿತು. ಕೊನೆಗೆ ಫೈನಾನ್ಸಿನವರು ಒಯ್ದರು. ಅಮ್ಮಿಯ ಬಳೆ ಹೋಯಿತು. ಅಬ್ಬಾ ಈಗ ಸಿರುಗುಪ್ಪದ ರೈಸ್ ಮಿಲ್ಲಿನಿಂದ ಬೇರೆಯವರ ಲಾರಿಯಲ್ಲಿ ಅಕ್ಕಿ ಸಾಗಿಸುತ್ತಾರೆ. ಈ ಕಾಲೇಜಿನಲ್ಲಿ ನನ್ನಂಥವರು ಇನ್ನೂ ಎಷ್ಟೋ ಮಂದಿ ಇದ್ದೀರಿ ಎಂದು ಗೊತ್ತು. ಅದಿರು ನಮ್ಮ ಮನೆಗೆ ಅನ್ನ ತಂದಿತು, ಅದಿರೇ ಕಿತ್ತುಕೊಂಡಿತು. ಅಷ್ಟಾದ ಮೇಲೂ ಅದು ಏನೆಂದು ಮಾತ್ರ ನಮಗೆ ಯಾರೂ ಹೇಳಿಕೊಡಲಿಲ್ಲ. ಹದಿನೈದು ವರ್ಷ ಸ್ಟೇರಿಂಗ್ ಹಿಡಿದ ಅಬ್ಬಾಗೆ ಟನ್ನಿನ ರೇಟು ಗೊತ್ತಿತ್ತು, ಪದರದ ಕಥೆ ಗೊತ್ತಿರಲಿಲ್ಲ. ಅದು ಅವರ ತಪ್ಪಲ್ಲ.

ಸವಕಳಿ ಪಾಠದಲ್ಲಿ ಗಣಿಯ ಉದಾಹರಣೆ ನಾವೆಲ್ಲ ಓದಿದ್ದೇವೆ. ಯಂತ್ರ ಹಳತಾದರೆ ಹೊಸದು ಕೊಳ್ಳಬಹುದು, ಗಣಿ ಬರಿದಾದರೆ ಬರಿದೇ. ತೆಗೆದ ಟನ್ನಿಗೆ ಇಷ್ಟು ಎಂದು ಬೆಲೆ ಇಳಿಸುತ್ತ ಹೋಗುತ್ತೇವೆ. ಆ ಲೆಕ್ಕದಲ್ಲಿ ಕಬ್ಬಿಣ ಮಾತ್ರ ಇದೆ. ಕಲ್ಲಿನಲ್ಲಿದ್ದ ಮಾಹಿತಿಯ ಬೆಲೆ ಯಾವ ಕಾಲಂನಲ್ಲೂ ಇಲ್ಲ. ಕಾಲಂ ಇಲ್ಲ ಎಂದ ಮಾತ್ರಕ್ಕೆ ನಷ್ಟ ಆಗಿಲ್ಲ ಎನ್ನಲಾಗುವುದಿಲ್ಲ. ಇದನ್ನು ಹೇಳಬೇಕಾದವರು ವಿಜ್ಞಾನದವರಿಗಿಂತ ಮೊದಲು ನಾವು, ಲೆಕ್ಕ ಬರೆಯುವುದನ್ನು ಕಲಿಯುತ್ತಿರುವವರು.

"ಇದರಿಂದ ಕೆಲಸ ಸಿಗುತ್ತಾ?" ಎಂದು ನನ್ನ ಬೆಂಚಿನ ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಭೂವಿಜ್ಞಾನ ಓದಿದವರಿಗೆ ಗಣಿ, ಅಂತರ್ಜಲ, ಸರ್ವೆ ಇಲಾಖೆಗಳಲ್ಲಿ ಕೆಲಸ ಇದೆ. ಗಣಿ ಜಿಲ್ಲೆಯ ಮಕ್ಕಳೇ ಆ ಕೆಲಸಕ್ಕೆ ಹೋಗದೆ ಬರೀ ಲಾರಿಗೆ, ಲೋಡಿಂಗಿಗೆ ಹೋಗುತ್ತಿರುವುದು ಯಾಕೆ ಎಂದು ನಾನು ತಿರುಗಿ ಕೇಳುತ್ತೇನೆ. ಎಂಟನೇ ತರಗತಿಯಲ್ಲಿ ಯಾರಾದರೂ ಈ ಕಲ್ಲನ್ನು ನನ್ನ ಕೈಗೆ ಕೊಟ್ಟು ವಯಸ್ಸು ಹೇಳಿದ್ದರೆ ನಾನು ಬಹುಶಃ ಇಂದು ಬೇರೆ ಬೆಂಚಿನಲ್ಲಿ ಕೂತಿರುತ್ತಿದ್ದೆ. ಈಗ ಕಾಮರ್ಸಿನಲ್ಲಿ ಇರುವುದಕ್ಕೆ ದುಃಖವಿಲ್ಲ. ಆದರೆ ನನ್ನ ತಂಗಿಗೆ ಆ ಆಯ್ಕೆ ಇರಲಿ.

ಈಗ ಬೇಡಿಕೆಗಳು.

ಮೊದಲನೆಯದು ನಮ್ಮ ಕಾಲೇಜಿಗೆ. ಅಧ್ಯಯನ ಪ್ರವಾಸಕ್ಕೆ ವಿಜ್ಞಾನ ವಿಭಾಗದವರು ಬೆಟ್ಟಕ್ಕೆ, ವಾಣಿಜ್ಯದವರು ಬ್ಯಾಂಕಿಗೆ ಎಂಬ ಪದ್ಧತಿ ಬಿಡೋಣ. ಮೂರೂ ವಿಭಾಗದವರನ್ನು ವರ್ಷಕ್ಕೊಂದು ದಿನ ಒಟ್ಟಿಗೆ ಕರೆದುಕೊಂಡು ಹೋಗಿ. ಬೆಳಿಗ್ಗೆ ಕೋಟೆ ಗುಡ್ಡದ ಗ್ರಾನೈಟ್, ಆಮೇಲೆ ಸಂಗನಕಲ್ಲು ಗುಡ್ಡದಲ್ಲಿ ಹಿಂದಿನವರು ಕಪ್ಪು ಡೋಲರೈಟ್ ಒಡೆದು ಕೊಡಲಿ ಮಾಡಿಕೊಂಡ ಜಾಗ, ಮಧ್ಯಾಹ್ನ ಸಂಡೂರಿನ ಪಟ್ಟೆ ಕಲ್ಲು. ಬಸ್ ಬಾಡಿಗೆ ಬಿಟ್ಟರೆ ಖರ್ಚು ಹೆಚ್ಚಿಲ್ಲ.

ಎರಡನೆಯದು ನಮಗೇ. ಗ್ರಂಥಾಲಯದಲ್ಲಿ ಒಂದು ಕಪಾಟು ಕೊಟ್ಟರೆ ಕಲ್ಲುಗಳನ್ನು ನಾವೇ ತರುತ್ತೇವೆ. ಕುರುಗೋಡಿನವರು ಅಲ್ಲಿಯದು, ಸಿರುಗುಪ್ಪದವರು ತುಂಗಭದ್ರೆಯ ದಡದ್ದು, ಸಂಡೂರಿನವರು ಅವರದು. ಬಂಡೆ ಒಡೆಯುವುದು ಬೇಡ, ಬಿದ್ದಿರುವುದು ಸಾಕು. ಊರು, ಹೆಸರು, ವಯಸ್ಸು, ಅದು ಹೇಳುವ ಸುದ್ದಿ, ಇಷ್ಟನ್ನು ಕನ್ನಡ, ಉರ್ದು, ಇಂಗ್ಲಿಷಿನಲ್ಲಿ ಚೀಟಿ ಬರೆಯೋಣ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ, 1895ರಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಈ ಜಿಲ್ಲೆಯ ಭೂವಿಜ್ಞಾನದ ಮೇಲೆ ಒಂದು ಇಡೀ ಪುಸ್ತಕ ಬರೆದರು. ಅವರ ಹೆಸರಿನ ಸಂಗ್ರಹಾಲಯ ನಮ್ಮ ಊರಿನಲ್ಲೇ ಇದೆ. ಬೇರೆ ದೇಶದಿಂದ ಬಂದವರು ಅಷ್ಟು ನೋಡಿದರು. ನಾವು ಒಂದು ಕಪಾಟು ತುಂಬಿಸಲಾರೆವೇ?

ಮೂರನೆಯದು ಜಿಲ್ಲೆಗೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕೆಲವು ಜಾಗಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಕರ್ನಾಟಕದಲ್ಲಿ ಲಾಲ್‌ಬಾಗ್ ಬಂಡೆ, ಉಡುಪಿಯ ಸೇಂಟ್ ಮೇರಿಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ, ಕೋಲಾರದ ಚಿನ್ನದ ಗಣಿ ಪ್ರದೇಶ ಅಂಥವು. ಸಂಡೂರಿನ ಪಟ್ಟೆ ಕಬ್ಬಿಣದ ಒಂದು ಒಳ್ಳೆಯ ಗೋಡೆಯನ್ನು ಆ ಪಟ್ಟಿಗೆ ಸೇರಿಸಲಿ. 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಗಣಿ ಬಾಧಿತ ಪ್ರದೇಶಗಳಿಗಾಗಿಯೇ ಇದೆ, ಶಿಕ್ಷಣ ಅದರ ಆದ್ಯತೆಗಳಲ್ಲಿ ಒಂದು. ಅದರಲ್ಲಿ ಒಂದು ಸಣ್ಣ ಪಾಲಿನಿಂದ ಆ ಗೋಡೆಗೆ ಬೇಲಿ, ಮುಂದೊಂದು ಫಲಕ, ಶಾಲಾ ಮಕ್ಕಳಿಗೆ ಹೋಗಿಬರಲು ದಾರಿ ಆಗಬಹುದು. ಪ್ರಾಂಶುಪಾಲರು ಒಪ್ಪಿದರೆ ಮೂರೂ ವಿಭಾಗದ ವಿದ್ಯಾರ್ಥಿಗಳ ಸಹಿ ಹಾಕಿಸಿ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಲು ನಾನು ತಯಾರಿದ್ದೇನೆ. ಪತ್ರ ಬರೆಯುವುದನ್ನಾದರೂ ನಮಗೆ ಕಲಿಸಿದ್ದಾರೆ.

ಈ ಲೇಖನ ಬರೆಯುವಾಗ ದಾದಿ ಪಕ್ಕದಲ್ಲೇ ಕೂತಿದ್ದರು. "ಪತ್ಥರ್ ಕೋ ಭೀ ಪಡ್ತೇ ಕ್ಯಾ ಬೇಟಾ?" ಎಂದು ಕೇಳಿದರು. ಕಲ್ಲನ್ನೂ ಓದುತ್ತಾರಾ ಎಂದು. ಹೌದು ದಾದಿ ಎಂದು ಕೆಂಪು ಗೆರೆ, ಕಪ್ಪು ಗೆರೆ ತೋರಿಸಿ ತಿಳಿದಷ್ಟು ಹೇಳಿದೆ. ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮರುದಿನ ನೋಡಿದರೆ ಬರಣಿಯ ಮೇಲೆ ಒಂದು ಹಳೆಯ ತಟ್ಟೆ, ಅದರ ಮೇಲೆ ಇಟ್ಟಿಗೆ ಚೂರು ಇತ್ತು. ಕಲ್ಲು ಷೋಕೇಸಿನಲ್ಲಿ, ಅಬ್ಬಾ ಅವರ ಹಳೆಯ ಲಾರಿಯ ಫೋಟೋ ಪಕ್ಕದಲ್ಲಿ ಇತ್ತು. ಗ್ರಂಥಾಲಯದ ಕಪಾಟು ಸಿದ್ಧವಾದ ದಿನ ಅದನ್ನು ತರುತ್ತೇನೆ. ದಾದಿ ಒಪ್ಪಿದ್ದಾರೆ.

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)